ಅಂಬವ್ವನ ಚರ್ಮದ ಮೇಲೆ ಹೊರಿಸಿದ ಆರೋಪ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಮೊಣಕಾಲಿನ ಆಪರೇಷನ್ನಿಗೆಂದು ನನ್ನ ತಾಯಿ ಅಂಬವ್ವನನ್ನು ನಿಮ್ಮ ಗಾಜಿನ ಆಸ್ಪತ್ರೆಗೆ ಸೇರಿಸಿದ್ದೆ. ಹನ್ನೊಂದು ದಿನಗಳ ನಂತರ ನೀವು ಆಕೆಯನ್ನು ಅದೇ ಹಳೆಯ ಮೊಣಕಾಲು, ಒಂದು ಊದಿದ ಕೈ ಮತ್ತು ಒಂದು ಕಾಗದದೊಂದಿಗೆ ಮನೆಗೆ ಕಳಿಸಿದಿರಿ. ಸೋಂಕು ತಂದ ಬ್ಯಾಕ್ಟೀರಿಯಾ ರೋಗಿಯ ಸ್ವಂತ ಚರ್ಮದ್ದು, ಸಾಮಾನ್ಯವಾಗಿ ನಿರುಪದ್ರವಿ, ಆದಕಾರಣ ಆಸ್ಪತ್ರೆ ಹೊಣೆಯಲ್ಲ ಎಂದು ಆ ಕಾಗದ ಹೇಳುತ್ತದೆ. ಅಂದರೆ ಎಪ್ಪತ್ತೊಂದು ವರ್ಷದ ನನ್ನ ತಾಯಿ ನಿಮ್ಮಲ್ಲಿಗೆ ಕಳ್ಳಮಾಲು ಸಾಗಿಸಿದ್ದಾಳೆ! ಬಾಗಿಲಲ್ಲಿ ನನ್ನ ಬುತ್ತಿಡಬ್ಬಿಯ ಮುಚ್ಚಳ ತೆಗೆಸಿ ಬದನೆಕಾಯಿ ಪಲ್ಯವನ್ನು ಮೂಸಿ ನೋಡಿದ ನಿಮ್ಮ ಸೆಕ್ಯೂರಿಟಿಯವರು, ಆಕೆಯ ಚರ್ಮವನ್ನು ಕಳಚಿ ಹೊರಗಿಡಿಸಲು ಮರೆತದ್ದೇಕೆ?

ಈ ಬ್ಯಾಕ್ಟೀರಿಯಾದ ಪೂರ್ವಾಪರ ವಿಚಾರಿಸಲು ನನ್ನ ಮಗಳು ಐಶ್ವರ್ಯಾ ಮೆಹದಿಪಟ್ಟಣಂ ಬಸ್‌ಸ್ಟಾಪಿನ ಎದುರಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಎಂಟು ಪುಟ ಪ್ರಿಂಟ್ ತೆಗೆಸಿಕೊಂಡು ಬಂದಳು. ಅದು ನನ್ನ ಮೈಮೇಲೂ ಇದೆ, ಕ್ಷಮಿಸಿ, ತಮ್ಮ ಮೈಮೇಲೂ ಇದೆ. ಚರ್ಮದ ಮೇಲಿರುವಷ್ಟು ದಿನ ಯಾರ ತಂಟೆಗೂ ಹೋಗುವುದಿಲ್ಲ. ಯಾರಾದರೂ ಕೊಳವೆ ಚುಚ್ಚಿ ದಾರಿ ಮಾಡಿಕೊಟ್ಟರೆ ಮಾತ್ರ ಒಳಗಿಳಿದು, ಪ್ಲಾಸ್ಟಿಕ್ಕನ್ನೋ ಲೋಹವನ್ನೋ ಹಿಡಿದು ಸಂಸಾರ ಹೂಡುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಬೆವರಿದಾಗಲೂ, ಸೊಸೆಯೊಡನೆ ಕೈ ತಿರುವಿ ತಿರುವಿ ಜಗಳವಾಡಿದಾಗಲೂ ಎಪ್ಪತ್ತೊಂದು ವರ್ಷ ತೆಪ್ಪಗಿದ್ದ ಜೀವಿ ನಿಮ್ಮಲ್ಲಿ ಐದೇ ದಿನಕ್ಕೆ ಕೆಟ್ಟು ಕೆರ ಹಿಡಿಯಿತು. ಯಾರ ಸಹವಾಸದಿಂದ, ಸ್ವಾಮಿ?

ನಡೆದದ್ದು ಇಷ್ಟು. ಸೋಮವಾರ ಸೇರಿಸಿದ ಅರ್ಧ ಗಂಟೆಯಲ್ಲೇ ಆಕೆಯ ಎಡಗೈಗೆ ಸಲೈನ್ ಏರಿಸುವ ಪ್ಲಾಸ್ಟಿಕ್ ಕೊಳವೆಯನ್ನು ಚುಚ್ಚಿ ಪಟ್ಟಿ ಅಂಟಿಸಿದರು. ಏಕೆಂದು ಕೇಳಿದರೆ 'ರೆಡಿ ಇರಲಿ' ಎಂದರು. ಸರ್ಜನ್ನರು ಒಂದು ದಿನ ಸಮ್ಮೇಳನಕ್ಕೆ ಹೋದರು, ಒಂದು ದಿನ ವಿಮಾನ ತಪ್ಪಿಸಿಕೊಂಡರು, ಮತ್ತೊಂದು ದಿನ ಏನಾದರೆಂದು ಯಾರಿಗೂ ತಿಳಿಯಲಿಲ್ಲ. ಐದು ದಿನ ಆ ಕೊಳವೆಯಲ್ಲಿ ಹನಿ ಸಲೈನೂ ಹರಿಯಲಿಲ್ಲ. ಆದರೆ ಬಂದವರೆಲ್ಲ ಅದನ್ನು ಮುಟ್ಟಿದರು. ಚಿಕ್ಕ ಡಾಕ್ಟರು ತಿರುಚಿದರು, ವ್ಯಾಯಾಮ ಹೇಳಿಕೊಡುವವರು ಅದೇ ಕೈ ಹಿಡಿದು ಎಬ್ಬಿಸಿದರು. ಬೇಗಂ ಬಜಾರಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ನನ್ನ ದೊಡ್ಡಪ್ಪನ ಮಗ ಅಮೃತಪ್ಪ ಅಂಗಡಿಯಿಂದ ಸೀದಾ ಬಂದು, ಬೆಲ್ಲ ಹತ್ತಿದ ಹೆಬ್ಬೆರಳಿನಿಂದ ಅದನ್ನೊತ್ತಿ, "ನೋಯ್ತೈತೇನು ಚಿಗವ್ವಾ?" ಎಂದು ಕೇಳಿದ. ನೋಯದೆ ಏನು?

ನಾನು ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. ನಮ್ಮಲ್ಲಿ ಒಂದು ನಟ್ಟನ್ನು ಮುಟ್ಟುವ ಮೊದಲು ಕೈ ತೊಳೆದು, ಒರೆಸಿಕೊಂಡು, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ನನ್ನ ಹೆತ್ತವಳು ಒಂದು ನಟ್ಟಿಗಿಂತ ಕಡೆಯೇ? ಚಟ ಬಿಡದೆ ಗುರುವಾರ ಮಧ್ಯಾಹ್ನ ಪಕ್ಕದಲ್ಲೇ ಕೂತು ಎಣಿಸಿದೆ. ಹನ್ನೊಂದು ಜನ ಆ ಕೈ ಮುಟ್ಟಿದರು, ಒಬ್ಬರೂ ಕೈ ತೊಳೆಯಲಿಲ್ಲ. ಕೊನೆಗೆ ತಡೆಯಲಾರದೆ ನಿಮ್ಮ ನರ್ಸ್ ಅನ್ನಮ್ಮನವರನ್ನು ಕೇಳಿದೆ. ಕೇರಳದವರಾದರೂ ಗುಲಬರ್ಗಾದಲ್ಲಿ ಓದಿದ ಆಕೆ ನಮ್ಮ ಮಾತಿನಲ್ಲೇ ಉತ್ತರ ಕೊಟ್ಟರು.

"ಎಲ್ಲಿ ತೊಳೀಬೇಕ್ರಿ ಸರ್? ನಳ ಆ ಕಂಪ್ಯೂಟರ್ ಹಿಂದ ಐತಿ. ನೀರು ಸಿಡಿದ್ರ ಮಷೀನ್ ಕೆಡ್ತೈತಿ ಅಂತ ಅದಕ್ಕ ಟೇಪ್ ಸುತ್ಯಾರ. ಕೈ ತೊಳೀಬೇಕಂದ್ರ ಕೆಳಗಿನ ಮಾಳಿಗಿಗೆ ಹೋಗ್ಬೇಕು. ಇಪ್ಪತ್ತೆರಡು ಪೇಷಂಟ್, ನಾ ಒಬ್ಬಾಕಿ. ನೀವಽ ಹೇಳ್ರಿ."

ಆ ಕಂಪ್ಯೂಟರಿನ ಹಿಂದಕ್ಕೆ ಬಗ್ಗಿ ನೋಡಿದೆ. ನಿಜ! ವಾರ್ಡನ್ನು ಗಣಕೀಕರಿಸುವ ಉತ್ಸಾಹದಲ್ಲಿ ಕೈತೊಳೆಯುವ ಬೇಸಿನ್ನಿನ ಮುಂದೆಯೇ ಕಂಪ್ಯೂಟರಿನ ಮೇಜು ಹಾಕಿಸಿದ್ದೀರಿ. ಬೇಸಿನ್ನಿನೊಳಗೆ ವೈರುಗಳು ಸುರುಳಿ ಸುತ್ತಿ ಮಲಗಿವೆ. ಮುಂದೆ, ಯಾರೂ ಮುಟ್ಟದೆ ಬಿಟ್ಟ ಪರದೆಯ ಮೇಲೆ ಸ್ಕ್ರೀನ್‌ಸೇವರಿನ ಬಣ್ಣಬಣ್ಣದ ಪೈಪುಗಳು ತಾವಾಗಿಯೇ ಬೆಳೆಯುತ್ತಿದ್ದವು. ಇಡೀ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಪೈಪುಗಳು ಅವಷ್ಟೇ. ಊರೆಲ್ಲ ಸಾಫ್ಟ್‌ವೇರ್ ಸಾಫ್ಟ್‌ವೇರ್ ಎಂದು ಕುಣಿಯುತ್ತಿರುವಾಗ ಸೋಪು ನೀರಿನ ಮಾತೆತ್ತುವ ನಾನು ಹಳೇ ಕಾಲದವನು, ಒಪ್ಪಿದೆ.

ಒಂದು ತಪ್ಪನ್ನು ನಾವೂ ಒಪ್ಪಿಕೊಳ್ಳಬೇಕು. ಶುಕ್ರವಾರ ಆಯುಧಪೂಜೆ. ನಿಮ್ಮ ಸಿಬ್ಬಂದಿ ಆ ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ ಹಾಕಿ ಊದಿನಕಡ್ಡಿ ಬೆಳಗಿದರು. ನನ್ನ ತಾಯಿ ಮಲಗಿದಲ್ಲಿಂದಲೇ ನೋಡಿ, "ಅವರ ಮಷೀನಿಗೆ ಪೂಜಿ ಆತು. ನನ್ನ ಕೈಯಾಗಿಂದಕ್ಕ ಯಾರು ಮಾಡಬೇಕು?" ಎಂದವಳೇ ಚೀಲದಿಂದ ವಿಭೂತಿ ಕುಂಕುಮ ತೆಗೆದು ಆ ಕೊಳವೆಗೆ ಮೂರೆಳೆ ಎಳೆದು, ಬೊಟ್ಟಿಟ್ಟು, ಪಟ್ಟಿಯ ಸಂದಿಗೆ ಒಂದು ಹೂವನ್ನೂ ಸಿಕ್ಕಿಸಿದಳು. ತಡೆಯಬೇಕಾದ ತಪಾಸಣಾಧಿಕಾರಿ, ಅಂದರೆ ನಾನು, ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಕೊಳವೆಯ ಸುತ್ತ ಕೆಂಪಾಗಿದೆ ಎಂದು ಅನ್ನಮ್ಮನವರು ಹಿಂದಿನ ದಿನವೇ ಬರೆದು ಕಂಪ್ಯೂಟರಿಗೆ ಏರಿಸಿದ್ದರು. ಅದನ್ನು ತೆರೆದು ಓದುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಪೂಜೆಗಾದರೆ ಎಲ್ಲರೂ ಬಂದರು.

ಅಂದು ಸಂಜೆ ನನ್ನ ತಾಯಿ ಗಡಗಡ ನಡುಗತೊಡಗಿದಳು. ಮೂರು ರಗ್ಗು ಹೊದಿಸಿದರೂ ಮಂಚವೇ ಅಲ್ಲಾಡುತ್ತಿತ್ತು. ಇಷ್ಟು ಹೊತ್ತು ತಮಾಷೆಯಾಗಿ ಬರೆದೆ. ಅಂದು ಮಾತ್ರ ನನಗೆ ಜೀವವೇ ಹೋದಂತಾಗಿತ್ತು. ರಕ್ತದಲ್ಲಿ ಸೋಂಕಿರುವಾಗ ಲೋಹದ ಮೊಣಕಾಲು ಕೂಡಿಸುವಂತಿಲ್ಲ, ಅದು ಲೋಹಕ್ಕೆ ಹತ್ತಿದರೆ ಎಲ್ಲವನ್ನೂ ಕಿತ್ತು ತೆಗೆಯಬೇಕಾದೀತು ಎಂದು ಕೊನೆಗೂ ದರ್ಶನ ಕೊಟ್ಟ ಸರ್ಜನ್ನರು ಹೇಳಿದರು. ಈಗ ರಕ್ತ ಶುದ್ಧವಾಗಿದೆ, ಬರುವ ಬುಧವಾರಕ್ಕೆ ಹೊಸ ತಾರೀಖು ಕೊಟ್ಟಿದ್ದೀರಿ. ಮನೆಯ ಮೂರು ಮೆಟ್ಟಿಲು ಇಳಿಯಲಾರದ ಆಕೆಗೆ ಈ ಆಪರೇಷನ್ ಬೇಕೇ ಬೇಕು. ಆದರೆ "ಸತ್ರೂ ಆ ಕಾಜಿನ ಮನಿಗೆ ಬರಂಗಿಲ್ಲ" ಎಂದು ಒಂದು ವಾರ ಹಟ ಹಿಡಿದು ಕೂತಿದ್ದಳು.

ಆದ್ದರಿಂದ ನನ್ನ ಆಗ್ರಹ: ಮಂಗಳವಾರದೊಳಗೆ ಆ ಮೇಜನ್ನು ಸರಿಸಿ, ನಳದ ಟೇಪ್ ಬಿಚ್ಚಿಸಿ, ಸೋಪು ಇಡಿಸಿ. ಬಳಕೆಯಿಲ್ಲದ ಕೊಳವೆಯನ್ನು ಅಂದೇ ತೆಗೆಸಿ. ಅಮೃತಪ್ಪನ ಹೆಬ್ಬೆರಳಿನ ಜವಾಬ್ದಾರಿ ನನ್ನದು.

ನೀವು ಮಾಡುತ್ತೀರೆಂಬ ನಂಬಿಕೆ ನನ್ನ ತಾಯಿಗಿಲ್ಲ. ನಿನ್ನೆ ಆಕೆಯೇ ಒಂದು ದಾರಿ ಹುಡುಕಿ ಬರಲೊಪ್ಪಿದ್ದಾಳೆ. "ನಮ್ಮನಿಗೆ ಯಾರರ ಬಂದ್ರ ಕೈಕಾಲಿಗೆ ನೀರು ಕೊಡ್ತೀವಿಲ್ಲೋ ತಮ್ಮಾ? ಅಲ್ಲಿ ಆ ಮಂಚಽ ನನ್ನ ಮನಿ. ತಂಬಿಗಿ ತಗೊಂಡು ನಡಿ. ಬಂದವರಿಗೆಲ್ಲ ನಾನಽ ನೀರು ಹಾಕ್ತೀನಿ." ಕೂತು ಹಾಕು ಎಂದರೆ ಕೇಳುವುದಿಲ್ಲ. ಬಂದವರಿಗೆ ಕೂತು ನೀರು ಕೊಡುವುದು ಮರ್ಯಾದೆಯಲ್ಲವಂತೆ. ಬುಧವಾರ ನಿಮ್ಮ ಡಾಕ್ಟರು ವಾರ್ಡಿಗೆ ಬಂದಾಗಲೆಲ್ಲ ಆ ಮೊಣಕಾಲಿನ ಮೇಲೆ ಭಾರ ಹಾಕಿ, ಮಂಚದ ಸರಳು ಹಿಡಿದು ಆಕೆ ಎದ್ದು ನಿಲ್ಲುತ್ತಾಳೆ. ಅಷ್ಟರೊಳಗೆ ನಳದ ಟೇಪ್ ಬಿಚ್ಚಿಸಿ.

ಇಂತಿ,
ಬಕೀಟು ಹೊತ್ತು ಹಿಂದೆ ಬರಲಿರುವ,
ನಟ್ಟುಗಳನ್ನು ಕಾಪಾಡಲು ಮಾತ್ರ ಬಲ್ಲ ಮಗ
ಅಮರೇಶಪ್ಪ