ಬಲಗೈಯ ಎಂಟು ಸುತ್ತು

ನವೆಂಬರ್ 18, ಸೋಮವಾರ

ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ಒತ್ತು, ದೀರ್ಘ ತಪ್ಪಿದ್ದರೆ ಕ್ಷಮೆ ಇರಲಿ. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೋ... ಇದನ್ನು ಓದುವವರು ಯಾರೂ ಇಲ್ಲ. ಐದನೇ ಕ್ಲಾಸಿನ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ.

ಪುಸ್ತಕ ಕೊಟ್ಟದ್ದು ಟ್ರ್ಯಾಕ್ಟರಿನ ಯಜಮಾನರು, ಶೈಲೇಶಣ್ಣ. “ಯತೀಶಾ, ಯಾವ ಸಾಮಾನ್ ಕಟ್ಟುಕೆ ಎಷ್ಟ್ ಸುತ್ತ್ ಅಂದೇಳಿ ಬರ್ದಿಡ್. ನಿನ್ನ ತಲೆ ನಂಬುಕಾತ್ತಿಲ್ಲೆ ಮಾರಾಯ” ಎಂದರು. ಸುತ್ತು ಬರೆದ ಮೇಲೂ ಹಾಳೆಯಲ್ಲಿ ಜಾಗ ಉಳಿಯುತ್ತದೆ. ಅದಕ್ಕೆ ಇದು.

ಇವತ್ತು ಹಾಲಾಡಿ ಕಡೆ, ನೆಲಗಡಲೆ ಹಾಕುವ ಜಾಗ. ದೊಡ್ಡ ನೇಗಿಲು. ಉಳುವಾಗ ಬಲಚಕ್ರ ಸಾಲಿನೊಳಗೆ ಇಳಿಯುತ್ತದೆ, ಟ್ರ್ಯಾಕ್ಟರ್ ಬಲಕ್ಕೆ ವಾಲುತ್ತದೆ. ನೇಗಿಲು ಮಟ್ಟವಾಗಿ ನಿಲ್ಲಬೇಕಾದರೆ ಟ್ರ್ಯಾಕ್ಟರಿನ ಹಿಂದೆ ಸಾಮಾನು ಹಿಡಿಯುವ ಎರಡು ಕಬ್ಬಿಣದ ಕೈಗಳಲ್ಲಿ ಬಲಗೈಯನ್ನು ಎತ್ತರಿಸಬೇಕು. ಹ್ಯಾಂಡಲ್ ಎಂಟು ಸುತ್ತು. ಮೇಲಿನ ನಡುಸರಳು, ಟಾಪ್ ಲಿಂಕ್, ಎರಡು ಸುತ್ತು ಗಿಡ್ಡ. ಬೇರೆ ಸಾಮಾನು ಕಟ್ಟುವ ಮೊದಲು ಎಂಟೂ ಸುತ್ತು ವಾಪಸ್.

ನವೆಂಬರ್ 19

ಗಿರಿಜಕ್ಕನ ಗದ್ದೆ. ನೀರು ನಿಲ್ಲಿಸಿದ್ದರು. ಕೆಸರು ಮಟ್ಟ ಮಾಡುವ ಬ್ಲೇಡ್ — ಟಾಪ್ ಲಿಂಕ್ ಮೂರು ಸುತ್ತು ಉದ್ದ.

ಬ್ಲೇಡ್ ಕಟ್ಟುವಾಗ ಅಂಚಿನ ಮೇಲೆ, ಎರಡು ಗದ್ದೆಗಳ ನಡುವಿನ ಬದುವಿನಲ್ಲಿ, ಆರೇಳು ಜನ ನಿಂತು ನೋಡುತ್ತಿದ್ದರು. ಪಕ್ಕದ ಗದ್ದೆಯ ಪಾಂಡಣ್ಣ, “ಹ್ವಾಯ್, ಮದುಮಗನಾಂಗೆ ನಾಚ್ಕಂತ್ನಲೆ ಡ್ರೈವರ್!” ಎಂದು ಕೂಗಿದರು. ಎಲ್ಲರೂ ನಗು. ಬೇಗ ಬೇಗ ಪಿನ್ ಹಾಕಿ ಹತ್ತಿ ಕುಳಿತೆ. ಸೀಟಿನಲ್ಲಿ ಕುಳಿತರೆ ಧೈರ್ಯ. ಬೆನ್ನು ಮಾತ್ರ ಅವರ ಕಡೆ.

ಗಿರಿಜಕ್ಕ ಬೆಲ್ಲ ನೀರು ಕೊಟ್ಟರು.

ನವೆಂಬರ್ 23, ಶನಿವಾರ

ಗಿರಿಜಕ್ಕನ ಗದ್ದೆಯಲ್ಲಿ ನೀರು ಇಳಿದಿದೆ. ಪಾಂಡಣ್ಣನ ಅಂಚಿನ ಬುಡ ಉದ್ದಕ್ಕೂ ಒಂದು ಗೇಣು ಕೆತ್ತಿಹೋಗಿದೆಯಂತೆ. ಟ್ರೇಲರಿನಲ್ಲಿ ಗೊಬ್ಬರ ತರುವಾಗ ಜಗಳ ಕೇಳಿತು.

“ಬುಧವಾರ ಹಾರೆ ಹಿಡ್ಕಂಡ್ ನಿಂತದ್ದ್ ನಾ ಕಂಡಿದೆ ಗಿರಿಜಾ. ವರ್ಷಕ್ಕೊಂದ್ ಗೇಣ್ ಕೆತ್ತಿರೆ ಹತ್ತ್ ವರ್ಷಕ್ಕೆ ನನ್ನ್ ಗದ್ದೆಯೇ ನಿಂದಾತ್ತ್!”

“ಅಂಚಿನ ಹುಲ್ಲ್ ಕೆರ್ದದ್ದ್ ಪಾಂಡಣ್ಣ. ಹುಲ್ಲ್! ನಿಮ್ಮ್ ಮಣ್ಣ್ ತಿಂದ್ ನಂಗೆ ಹೊಟ್ಟಿ ತುಂಬುದಾ?”

ಪಾಂಡಣ್ಣ ಬಗ್ಗಿ, ಅಂಚಿನಲ್ಲಿ ನೀರು ಹರಿಯುವ ಕಂಡಿಗೆ ಕಲ್ಲು ಇಟ್ಟು ಕೆಸರು ಮೆತ್ತಿದರು. ಗಿರಿಜಕ್ಕನ ಗದ್ದೆಗೆ ನೀರು ಬರುವುದು ಅದೊಂದೇ ಕಂಡಿಯಿಂದ.

ನವೆಂಬರ್ 24, ಬೆಳಿಗ್ಗೆ

ನಾಲ್ಕು ದಿನ ಬರೀ ಟ್ರೇಲರ್ ಕೆಲಸ. ಹಿಂದಿನ ಕೈ ಮುಟ್ಟಿರಲಿಲ್ಲ. ಇವತ್ತು ಮಣ್ಣು ಪುಡಿಮಾಡುವ ರೋಟವೇಟರ್ ಕಟ್ಟಲು ಹೋದೆ. ಎಡಗೈ ಸರಿಯಾಗಿ ಕೂತಿತು. ಬಲಗೈ ಮೇಲೆಯೇ ನಿಂತಿದೆ.

ಪುಸ್ತಕ ತೆಗೆದು ನೋಡಿದೆ. 19ರಲ್ಲಿ ಟಾಪ್ ಲಿಂಕ್ ಇದೆ. ಬಲಗೈ ವಾಪಸ್ ತಂದದ್ದು ಬರೆದಿಲ್ಲ. ತಂದಿದ್ದರಲ್ಲವೇ ಬರೆಯುವುದು.

ಹಾಗಾದರೆ ಅವತ್ತು ಬ್ಲೇಡಿನ ಎಡಮೂಲೆ ತಗ್ಗಿತ್ತು. ಕೊನೆಯ ಸುತ್ತು ಪಾಂಡಣ್ಣನ ಅಂಚಿಗೆ ತಾಗಿಯೇ ಹೊಡೆದೆ, ಅಂಚು ನನ್ನ ಎಡಕ್ಕೆ. ನೀರಿನ ಅಡಿಯಲ್ಲಿ ಏನೂ ಕಾಣಲಿಲ್ಲ.

ಎಂಟು ಸುತ್ತು ತಿರುಗಿಸಿ ಬಲಗೈ ಕೆಳಗೆ ತಂದೆ.

ನವೆಂಬರ್ 27

ಶೈಲೇಶಣ್ಣನಿಗೆ ಹೇಳಿದೆ. ಅವರಿಗೆ ಹೇಳಲು ಮೂರು ದಿನ ಬೇಕಾಯಿತು.

“ಸುಮ್ನಿರ್. ಅವ್ರಿಬ್ರ ಜಗ್ಳ ಮೊದ್ಲಿಂದ್ಲೂ ಇತ್ತ್. ಬಾಯ್ ಬಿಟ್ರೆ ನಾಳಿಂದ ನಿನ್ನ ಗದ್ದೆಗೆ ಇಳ್ಸುದ್ ಯಾರ್?”

ಅದೂ ಸರಿ. ನನಗೆ ಗೊತ್ತಿರುವುದು ಇದೊಂದೇ ಕೆಲಸ.

ವಾಪಸ್ ಬರುವಾಗ ಗಿರಿಜಕ್ಕ ಕೊಡದಲ್ಲಿ ನೀರು ಹೊತ್ತು ಅಗೆಯ ಸಸಿಗೆ ಹೊಯ್ಯುತ್ತಿದ್ದರು. ಸಸಿಗೆ ಇಪ್ಪತ್ತೈದು ದಿನ ದಾಟಿದೆ. ನಟ್ಟಿ ತಡವಾದರೆ ಆ ಸಸಿ ಸರಿಯಾಗಿ ತೆನೆ ಕೊಡುವುದಿಲ್ಲ. ನನ್ನನ್ನು ಕಂಡು, “ಮಾಣಿ, ಊಟ ಆಯ್ತಾ?” ಎಂದರು.

ತಲೆ ಆಡಿಸಿದೆ. ಶಾಲೆಯಲ್ಲೂ ಹೀಗೇ. ಉತ್ತರ ಗೊತ್ತಿರುತ್ತಿತ್ತು. ಎದ್ದು ನಿಂತರೆ ನಾಲಗೆ ಒಣಗುತ್ತಿತ್ತು.

ನವೆಂಬರ್ 29

ಸಂಜೆ ಪಾಂಡಣ್ಣನ ಅಂಗಳದ ತನಕ ಹೋದೆ. “ಎಂತ ಮಾಣಿ?” ಎಂದರು. “ಎಂತ ಇಲ್ಲೆ” ಎಂದು ಬಂದೆ.

ದಾರಿಯುದ್ದಕ್ಕೂ ಯೋಚನೆ. ಬಾಯಿ ಹೇಳದಿದ್ದರೆ ಬ್ಲೇಡ್ ಹೇಳಬಹುದು...

ನವೆಂಬರ್ 30, ಶನಿವಾರ, ಹತ್ತು ಗಂಟೆ

ಏಳಕ್ಕೇ ಬ್ಲೇಡ್ ಕಟ್ಟಿದೆ. ಬಲಗೈ ಎಂಟು ಸುತ್ತು ಮೇಲೆ. ಗೊತ್ತಿದ್ದೂ ತಪ್ಪು ಅಳತೆಗೆ ತಂದೆ.

ಗಿರಿಜಕ್ಕನ ಗದ್ದೆ ಒಣಗಿ ಬಿರುಕು ಬಿಟ್ಟಿದೆ. ಚಕ್ರ ಹೂತುಹೋಗಲಿಲ್ಲ. ಅಂಚಿನ ಪಕ್ಕ ನಿಲ್ಲಿಸಿ ನಿಧಾನ ಬ್ಲೇಡ್ ಇಳಿಸಿದೆ. ಎಡಮೂಲೆ ಆ ಕೆತ್ತಿದ ಜಾಗದೊಳಗೆ ಕೂತಿತು. ಬೆರಳು ಹಾಕಲೂ ಸಂದಿ ಇಲ್ಲ.

ಗಿರಿಜಕ್ಕ ಹಾರೆ ಹಿಡಿದೇ ಓಡಿ ಬಂದರು. ಶಬ್ದ ಕೇಳಿ ಪಾಂಡಣ್ಣನೂ ಬಂದರು. “ಎಂತ ಮಾಡ್ತೆ ಅಲ್ಲಿ? ಇನ್ನೂ ಕೆತ್ತುಕಿತ್ತಾ?”

ಇಳಿದೆ. ಅವರಿಗೆ ಮುಖ ಕೊಟ್ಟು ನಿಂತೆ.

“ನಾನೇ ಪಾಂಡಣ್ಣ. ಗಿರಿಜಕ್ಕ ಅಲ್ಲ. ಇದ್ನ ತಿರ್ಗ್ಸುಕೆ ಮರ್ತೆ” ಎಂದು ಹ್ಯಾಂಡಲ್ ತೋರಿಸಿದೆ. ಅಷ್ಟೇ ಬಂತು ಬಾಯಿಗೆ.

ಪಾಂಡಣ್ಣ ಕುಕ್ಕರುಗಾಲಲ್ಲಿ ಕೂತು ಮೂಲೆ ನೋಡಿದರು. ಅಂಚು ನೋಡಿದರು. ಗಿರಿಜಕ್ಕನ ಮುಖ ಮಾತ್ರ ನೋಡಲಿಲ್ಲ.

“ಮರ್ತದ್ದಾ?”

“ಹೌದ್. ನೀವ್ ಎಲ್ಲ ನಗ್ಯಾಡ್ತಾ ಇದ್ರಿ.”

ಅದನ್ನು ಹೇಳಬೇಕೆಂದು ಇರಲಿಲ್ಲ.

ಬ್ಲೇಡ್ ಎತ್ತಿ ಹ್ಯಾಂಡಲ್ ತಿರುಗಿಸಲು ಶುರುಮಾಡಿದೆ. ಅಂಚಿಗೆ ಮಣ್ಣು ನಾನೇ ಕಟ್ಟಬೇಕು, ಗದ್ದೆ ಇನ್ನೊಮ್ಮೆ ಮಟ್ಟ ಮಾಡಬೇಕು. ಗಿರಿಜಕ್ಕ ಹತ್ತಿರ ಬಂದು ಎಣಿಸಿದರು, ಗಟ್ಟಿಯಾಗಿ, ಪಾಂಡಣ್ಣನಿಗೆ ಕೇಳುವಂತೆ. ಐದು. ಆರು. ಏಳಕ್ಕೆ ಪಾಂಡಣ್ಣ ಎದ್ದರು. ಗಿರಿಜಕ್ಕನ ಹಾರೆಯನ್ನೇ ಎತ್ತಿಕೊಂಡು ಕಂಡಿಯ ಕಡೆ ನಡೆದು, ತಾವೇ ಇಟ್ಟಿದ್ದ ಕಲ್ಲನ್ನು ಮೀಟಿ ತೆಗೆದರು.