ಚಿಮುಟ ಎತ್ತುವ ಮೊದಲು

ಅಕ್ಕಾ,

ಇವತ್ತು ಬೆಳಿಗ್ಗೆ ನನ್ನ ಕೈಕೆಳಗಿನ ಡಾಕ್ಟರಿಗೆ ಹೊಡೆದುಬಿಟ್ಟೆ. ಮೂಗಿನಿಂದ ಪದೇ ಪದೇ ರಕ್ತ ಸೋರುತ್ತಿದ್ದ ಟೀಚರೊಬ್ಬರು ಕುರ್ಚಿಯಲ್ಲಿ ಕೂತಿದ್ದರು. ಮೂಗಿನೊಳಗೆ ಕಡುಗೆಂಪು ಗಡ್ಡೆ. "ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸ್ತೀನಿ ಮೇಡಂ" ಎಂದು ಅವನು ಚಿಮುಟ ಎತ್ತಿದ. ನಾನು ಮಣಿಕಟ್ಟಿಗೆ ಬಾರಿಸಿದ ರಭಸಕ್ಕೆ ಚಿಮುಟ ಹಾರಿ ಗೋಡೆಗೆ ಬಡಿಯಿತು.

"ಮೊದ್ಲು ಸ್ಕ್ಯಾನ್! ಅದು ಬರೀ ರಕ್ತನಾಳದ ಗಂಟು ಕಣೋ, ಕಿತ್ರೆ ಸಾಯ್ತಾರೆ!"

ಸ್ಕ್ಯಾನೂ ಅದನ್ನೇ ಹೇಳಿತು. ನಾಳೆ ತೊಡೆಯ ನಾಳದಿಂದ ಸಣ್ಣ ಕೊಳವೆ ಹಾಯಿಸಿ ಗಡ್ಡೆಗೆ ರಕ್ತ ಹೋಗುವ ದಾರಿ ಮುಚ್ಚುತ್ತೇವೆ. ನಾಡಿದ್ದು ಕತ್ತರಿಸಿ ತೆಗೆಯುತ್ತೇವೆ. ಅವರು ಬದುಕುತ್ತಾರೆ.

ನೀನು ಕೂತಿದ್ದೂ ಇದೇ ಕುರ್ಚಿಯಲ್ಲಿ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಾನು ಮಾತ್ರ ನಿನ್ನ ಹತ್ರಾನೇ ಬಂದೆ ನೋಡೇ" ಎಂದು ನೀನು ನಕ್ಕಿದ್ದೆ. ಪಕ್ಕದ ಸ್ಕ್ಯಾನ್ ಕೋಣೆ ಅವತ್ತು ಖಾಲಿಯೇ ಇತ್ತು. ನಾನು ನೇರ ಚಿಮುಟ ಎತ್ತಿದೆ. ರಕ್ತ ನನ್ನ ಕನ್ನಡಕಕ್ಕೆ ಚಿಮ್ಮಿತು. ಹತ್ತಿ ಮುಗಿದ ಮೇಲೆ ನನ್ನ ದುಪಟ್ಟಾವನ್ನೇ ತುರುಕಿದೆ. ರಕ್ತ ನಿಲ್ಲಲಿಲ್ಲ.

ಸಂಜೆ ಅವನು ಊದಿದ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಕೇಳಿದ: "ನೋಡಿದ ತಕ್ಷಣ ಹೇಗೆ ಗೊತ್ತಾಯ್ತು ಮೇಡಂ?"

"ಪುಸ್ತಕದಲ್ಲಿದೆ. ಹೋಗಿ ಓದ್ಕೋ" ಎಂದೆ.