ಬೇಲಿಯೊಳಗೆ ಮರಳಬೇಕಾದ ಮರಿ

ಸಕಲ ಜೀವಗಳಲ್ಲಿ ನೆಲೆಸಿರುವ ಶ್ರೀ ವೆಂಕಟರಮಣನನ್ನು ನೆನೆದು,
ವಿಶ್ವಾವಸು ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ
ಮಧುಗಿರಿ ತಾಲ್ಲೂಕು

ಸೇನೆಯ ಗುಂಡಿನ ಅಭ್ಯಾಸದ ಮೈದಾನದ ಮುಖ್ಯಾಧಿಕಾರಿಗಳಲ್ಲಿ ಗ್ರಾಮದೇವಾಲಯದ ಅರ್ಚಕನ ವಿಜ್ಞಾಪನೆ.

ಈ ಹುಲ್ಲುಗಾವಲಿನಲ್ಲಿ ಗುಂಡು ಹಾರಿಸುವುದು ಬೇಡವೆಂದು ನಾವು ಬರೆದ ಹನ್ನೊಂದು ಅರ್ಜಿಗಳು ತಮ್ಮಲ್ಲಿವೆ. ಇಂದು ಆ ವಾದವನ್ನು ಎತ್ತಲಾರೆ. ಅಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ಬೆಳಿಗ್ಗೆ ತಮ್ಮ ಯೋಧನೊಬ್ಬನು ಬೇಲಿಯೊಳಗೆ ಒಂಟಿಯಾಗಿ ಮಲಗಿದ್ದ ಕೃಷ್ಣಮೃಗದ ಮರಿಯನ್ನು ಅನಾಥವೆಂದು ಬಗೆದು, ಕಾವಲು ಬಿಟ್ಟು ಬಂದು ನನಗೊಪ್ಪಿಸಿದನು. ದೇವರೇ ಕಳುಹಿಸಿದನೆಂದು ನಾನೂ ಅದರ ಹಣೆಗೆ ಕುಂಕುಮವಿಟ್ಟೆನು. ಜಿಂಕೆಗಳಿಗಾಗಿ ನಮ್ಮೊಡನೆ ಹೋರಾಡುತ್ತಿರುವ ಶಿಕ್ಷಕಿ ವನಜಾಕ್ಷಿ ಅದನ್ನು ಕಂಡು, "ತಾಯಿ ಬುಟ್ಟೋಗಿಲ್ಲ ಕಣಯ್ನೋರೇ, ಹುಲ್ಲಲ್ಲಿ ಬಚ್ಚಿಟ್ಟು ಮೇಯಕ್ಕೋಗಿತ್ತು. ಅದು ಅಲ್ಲಿ ಹುಡುಕ್ತಾ ಇದ್ರೆ, ನೀವಿಲ್ಲಿ ಮಂಗಳಾರತಿ ಎತ್ತುತಾ ಕೂತಿದ್ದೀರಲ್ಲ" ಎಂದಳು.

ಮರಿ ಹಾಲು ಮುಟ್ಟುತ್ತಿಲ್ಲ. ಎತ್ತಿದ ಜಾಗದಲ್ಲಿಯೇ ಇಟ್ಟರೆ ತಾಯಿ ಬಂದು ಕೂಡಿಕೊಳ್ಳುವುದಂತೆ. ಆ ಜಾಗವನ್ನು ಬಲ್ಲವನು ಆ ಯೋಧನೊಬ್ಬನೇ. ಶಿಕ್ಷೆಗೆ ಅಂಜಿ, ಹೆಸರು ಹೇಳಬೇಡಿರೆಂದು ನನ್ನನ್ನು ಬೇಡಿಕೊಂಡಿದ್ದಾನೆ. ಅವನನ್ನು ದಂಡಿಸುವುದಿಲ್ಲವೆಂದು ಈ ಕಾಗದದ ಹಿಂಬದಿಯಲ್ಲಿ ತಾವು ಬರೆದುಕೊಟ್ಟರೆ ಹೆಸರು ತಿಳಿಸುವೆನು. ಮಧ್ಯಾಹ್ನದ ಅಭ್ಯಾಸವನ್ನು ಎರಡು ಗಂಟೆ ತಡೆಹಿಡಿಯಬೇಕು. ಇಷ್ಟೇ ನನ್ನ ಕೋರಿಕೆ.

ಪತ್ರ ತಂದ ವನಜಾಕ್ಷಿ ಮರಿಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಗೇಟಿನಲ್ಲಿಯೇ ಕುಳಿತಿದ್ದಾಳೆ. ದಯಮಾಡಿ ಬೇಗ ಉತ್ತರ ಕೊಡಬೇಕು.

ಇಂತು ಬಿನ್ನವಿಸುವ,
ಶೇಷಗಿರಿ ಆಚಾರ್

ಕರುಣೆಯಿಂದಲೇ ತಪ್ಪು ಮಾಡಿದ ಯೋಧನಿಗೂ, ಕ್ಷಮಿಸಬಲ್ಲ ತಮಗೂ, ಬೇಲಿಯೊಳಗೆ ಅಲೆಯುತ್ತಿರುವ ಆ ತಾಯಿಗೂ ಮಂಗಳವಾಗಲಿ.